ಒಂದು ಮಳೆ ಹೋಗಲಿ

ನಾವು ಮನೆ ಕೊಂಡ ವರ್ಷ, ಜೂನ್ ತಿಂಗಳಲ್ಲಿ, ಪುತ್ತೂರಿನಿಂದ ನಮ್ಮ ಅತ್ತೆಯವರ ಫೋನ್ ಬಂತು. ಊಟ, ಆರೋಗ್ಯ, ಮಕ್ಕಳು ಎಲ್ಲ ವಿಚಾರಿಸಿ ಆದ ಮೇಲೆ ಕೇಳಿದರು: “ಮಳೆ ಹಿಡಿಯಿತಾ? ಮಾಡು ಸೋರ್ತದಾ?” ನಮ್ಮ ದಕ್ಷಿಣ ಕನ್ನಡದಲ್ಲಿ ಮಾಡು ಎಂದರೆ ಮನೆಯ ಸೂರು. ಹೊಸದಾಗಿ ಮನೆ ಮಾಡಿಕೊಂಡವರನ್ನು ನಮ್ಮೂರಿನ ಹಿರಿಯರು ಮೊದಲು ಕೇಳುವ ಪ್ರಶ್ನೆ ಅದು. ನೆಲಕ್ಕೆ ಯಾವ ಕಲ್ಲು, ಗೋಡೆಗೆ ಯಾವ ಬಣ್ಣ ಎಂಬುದೆಲ್ಲ ಆಮೇಲೆ. ನಾನು ನೆಮ್ಮದಿಯಿಂದ ಹೇಳಿದೆ, “ಇಲ್ಲ ಅತ್ತೆ, ಒಂದು ಹನಿಯೂ ಸೋರುದಿಲ್ಲ.” ನಾನು ಹೇಳಿದ್ದು ನಿಜವೇ. ಆದರೆ ಅದು 2019ರ ಜೂನ್. ಚೆನ್ನೈಯಲ್ಲಿ ಸೋರಲು ಮಳೆಯೇ ಬಂದಿರಲಿಲ್ಲ.

ಇಪ್ಪತ್ತೆರಡು ವರ್ಷ ಈ ಊರಿನ ಬಾಡಿಗೆ ಮನೆಗಳಲ್ಲಿ ಇದ್ದವರು ನಾವು. ಆ ವರ್ಷದ ಫೆಬ್ರವರಿಯಲ್ಲಿ ಪಶ್ಚಿಮ ಮಾಂಬಲದಲ್ಲಿ ಒಂದು ಹಳೆಯ ಸ್ವತಂತ್ರ ಮನೆ ಕೊಂಡೆವು. ಕೆಳಗೆ ಮೂರು ಕೋಣೆ, ಮೇಲೆ ತಾರಸಿ, ಹಿಂದೆ ಸಿಮೆಂಟು ಬಳಿದ ಪುಟ್ಟ ಅಂಗಳ. ಬ್ಯಾಂಕಿನ ಸಾಲ, ನೋಂದಣಿ, ಪಟ್ಟಾ ವರ್ಗಾವಣೆ, ಕರೆಂಟಿನ ಹೆಸರು ಬದಲಾವಣೆ, ಇವನ್ನೆಲ್ಲ ಮನೆ ಕೊಂಡ ಎಲ್ಲರೂ ಬಲ್ಲರು. ನಾನು ಇವತ್ತು ಹೇಳಬೇಕೆಂದಿರುವುದು ಕೀಲಿಕೈ ಕೈಗೆ ಬಂದ ಮೇಲಿನ ಮಾತು.

ಗೃಹಪ್ರವೇಶಕ್ಕೆ ಮೊದಲು ಬಣ್ಣ ಬಳಿಸಬೇಕೆಂದು ಪಕ್ಕದ ಬೀದಿಯ ಮೇಸ್ತ್ರಿಯವರನ್ನು ಕರೆಸಿದೆವು. ಅರವತ್ತು ದಾಟಿದ ಹಿರಿಯರು. ಕೋಣೆ ಕೋಣೆಗೂ ಹೋಗಿ, ಜೇಬಿನಿಂದ ಒಂದು ನಾಣ್ಯ ತೆಗೆದು ಗೋಡೆಯ ಮೇಲೆ ತಟ್ಟುತ್ತ ಕಿವಿಗೊಟ್ಟು ಕೇಳಿದರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಟೊಳ್ಳು ಸದ್ದು. ತಾರಸಿಗೆ ಹತ್ತಿ ನೋಡಿ ಇಳಿದು ಬಂದು ಒಂದೇ ಮಾತು ಹೇಳಿದರು: “ಅಮ್ಮಾ, ಒರು ಮಳೈ ಪೋಗಟ್ಟುಂ.” ಒಂದು ಮಳೆ ಹೋಗಲಿ, ಆಮೇಲೆ ಬಣ್ಣ ಬಳಿಯೋಣ ಎಂದು.

ನಾವು ಕಾಯಲಿಲ್ಲ. ಊರಿನಿಂದ ನೆಂಟರು ಬರುವವರಿದ್ದರು. ಬೇರೆಯವರಿಗೆ ಕೆಲಸ ವಹಿಸಿ ಗೋಡೆಗೆಲ್ಲ ಹೊಳೆಯುವ ಬಣ್ಣ ಬಳಿಸಿದೆವು, ಹಜಾರಕ್ಕೆ ಫಾಲ್ಸ್ ಸೀಲಿಂಗ್ ಹಾಕಿಸಿದೆವು, ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದೆವು. ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಯಿತು. ಹಾಲುಕ್ಕಿಸಿ ಒಳಗೆ ಕಾಲಿಟ್ಟೆವು.

ಮೊದಲ ಬೇಸಿಗೆಯಲ್ಲೇ ನಲ್ಲಿ ಒಣಗಿತು. ಆ ವರ್ಷ ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕೂ ಜಲಾಶಯಗಳು ಬಹುತೇಕ ಬರಿದಾಗಿದ್ದು ನಿಮಗೆ ನೆನಪಿರಬಹುದು. ಬೀದಿ ಬೀದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಜುಲೈ 12ರಂದು ಜೋಲಾರಪೇಟೆಯಿಂದ ಐವತ್ತು ವ್ಯಾಗನ್‌ಗಳ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಇಲ್ಲಿನ ವಿಲ್ಲಿವಾಕ್ಕಂಗೆ ಬಂತು. ಬೆಂಗಳೂರಿನಿಂದ ಬರುವಾಗ ನಾವೆಲ್ಲ ಕಿಟಕಿಯಿಂದ ಕಾಣುವ ಅದೇ ಜೋಲಾರಪೇಟೆ. ಆ ನೀರು ಮೆಟ್ಟೂರಿನ ಕಾವೇರಿಯದು. ಕೊಡಗಿನಲ್ಲಿ ಹುಟ್ಟಿದ ಹೊಳೆ ರೈಲು ಹತ್ತಿ ಬಂತಲ್ಲ ಎಂದು ಆ ದಿನ ನನ್ನ ಕಣ್ಣು ತುಂಬಿತು. ಸ್ವಂತ ಮನೆಯ ಯಜಮಾನರಾಗಿದ್ದೇವೆ, ಪಾತ್ರೆ ತೊಳೆಯಲು ನೀರಿಲ್ಲ. ಲಾರಿಯವರಿಗೆ ಫೋನು ಮಾಡುತ್ತ ಕೂರುವುದು ದಿನದ ಕೆಲಸವಾಯಿತು.

ಇಲ್ಲಿ ಒಂದು ಮಾತು. ಕರ್ನಾಟಕದಿಂದ ಬಂದವರಿಗೆ ಈ ಊರಿನ ಮಳೆಯ ಲೆಕ್ಕ ಬೇಗ ಮನಸ್ಸಿಗೆ ಇಳಿಯುವುದಿಲ್ಲ. ನಮಗೆ ಮಳೆ ಎಂದರೆ ಜೂನಿನ ಮುಂಗಾರು, ಆರಿದ್ರೆ, ಪುನರ್ವಸು, ಪುಷ್ಯ. ಆ ಮೋಡಗಳು ನಮ್ಮ ಕರಾವಳಿಗೂ ಘಟ್ಟಕ್ಕೂ ಸುರಿದು ಹಗುರಾಗುತ್ತವೆ. ಘಟ್ಟ ಇಳಿದು ಈ ಕಡೆಗೆ ಬರುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ಚೆನ್ನೈಯ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಬಂಗಾಳ ಕೊಲ್ಲಿಯ ಕಡೆಯಿಂದ. ನಮ್ಮ ಪಂಚಾಂಗದಲ್ಲಿ ಸ್ವಾತಿ, ವಿಶಾಖೆ, ಅನುರಾಧೆ. ತಮಿಳಿನವರು ಐಪ್ಪಸಿ ತಿಂಗಳಲ್ಲಿ ಅಡೆಮಳೆ, ಕಾರ್ತಿಗೈಯಲ್ಲಿ ಘನಮಳೆ ಎನ್ನುತ್ತಾರೆ. ವರ್ಷಕ್ಕೆ ಸುಮಾರು 1,400 ಮಿಲಿಮೀಟರ್. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಈ ಮೂರೇ ತಿಂಗಳಲ್ಲಿ. ಪುತ್ತೂರಿಗೆ ಹೋಲಿಸಿದರೆ ಕಡಿಮೆ ಮಳೆ. ಆದರೆ ಇಲ್ಲಿ ಅದು ನಾಲ್ಕು ದಿನದಲ್ಲಿ ಒಮ್ಮೆಗೇ ಬರುತ್ತದೆ, ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. 2015ರ ನವೆಂಬರ್ ಒಂದೇ ತಿಂಗಳಲ್ಲಿ ಇಲ್ಲಿನ ನುಂಗಂಬಾಕ್ಕಂನಲ್ಲಿ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿದಿತ್ತು. ಅದರ ಮೇಲೆ ಡಿಸೆಂಬರ್ 1ರ ಮಳೆ. ಆಮೇಲೆ ಊರು ನೆರೆಯಲ್ಲಿ ಮುಳುಗಿದ್ದು ಎಲ್ಲರಿಗೂ ಗೊತ್ತು.

ನಾವು ಮನೆ ಕೊಂಡ 2019ರ ಅಕ್ಟೋಬರ್ ಕಳೆಯುವ ಹೊತ್ತಿಗೆ ಮಳೆ ಹಿಡಿಯಿತು. ಮೊದಲ ವಾರ ಸಂಭ್ರಮ. ಎರಡನೆಯ ವಾರ ಹಜಾರದ ಫಾಲ್ಸ್ ಸೀಲಿಂಗಿನ ಮೂಲೆಯಲ್ಲಿ ಹಳದಿ ಕಲೆ ಕಾಣಿಸಿತು. ಮೂರು ದಿನದಲ್ಲಿ ಕಲೆ ತಟ್ಟೆಯಷ್ಟಾಯಿತು, ಮತ್ತೊಂದು ದಿನ ಆ ಮೂಲೆಯೇ ಕುಸಿದು ಬಿತ್ತು. ಮೇಲೆ ನೋಡಿದರೆ ಕಾಂಕ್ರೀಟು ಸಿಪ್ಪೆ ಎದ್ದು ಒಳಗಿನ ಕಬ್ಬಿಣದ ಸರಳು ಕೆಂಪಗೆ ಹೊರಗೆ ಕಾಣುತ್ತಿತ್ತು. ಹಳೆಯ ಹುಣ್ಣನ್ನು ನಾವು ಹೊಸ ಹಲಗೆಯಿಂದ ಮುಚ್ಚಿದ್ದೆವು. ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆ ಗುಳ್ಳೆ ಎದ್ದಿತು. ಒಡೆದರೆ ಬಿಳಿಯ ಪುಡಿ. ಕಪಾಟಿನ ಹಿಂದೆ ಒರಲೆಯ ಮಣ್ಣಿನ ದಾರಿ. ಒಂದು ದಿನ ಸ್ವಿಚ್ಚಿನ ಹತ್ತಿರ ಗೋಡೆ ಮುಟ್ಟಿದಾಗ ಕೈ ಜುಮ್ಮೆಂದಿತು.

ಕೇಳುಗರೆ, ನಾಲ್ಕು ಬೇರೆ ಬೇರೆ ತೊಂದರೆ ಎಂದು ನಾವು ನಾಲ್ಕು ಜನರನ್ನು ಕರೆಸಲು ಹೊರಟಿದ್ದೆವು. ಕೊನೆಗೆ ಮೇಸ್ತ್ರಿಯವರನ್ನೇ ಮತ್ತೆ ಕರೆದೆವು. ಅವರು ಒಂದು ಮಾತೂ ಹಳಿಯದೆ ಎಲ್ಲವನ್ನೂ ತೋರಿಸಿ, ಇದೆಲ್ಲ ಒಂದೇ ನೀರು ಎಂದರು. ತಾರಸಿಯಲ್ಲಿ ನಿಂತ ನೀರು ಬಿರುಕಿನಿಂದ ಇಳಿದು ಸರಳನ್ನು ಮುಟ್ಟಿದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿದ್ದ ಜಾಗ ಸಾಲದು; ಎರಡರಷ್ಟಕ್ಕೂ ಹೆಚ್ಚು ಉಬ್ಬಿ ತನ್ನ ಮೇಲಿನ ಕಾಂಕ್ರೀಟನ್ನು ಒಡೆಯುತ್ತದೆ. ಸಮುದ್ರದ ಉಪ್ಪುಗಾಳಿ ಇರುವ ಊರಿನಲ್ಲಿ ಅದು ಇನ್ನೂ ಬೇಗ. ಇಟ್ಟಿಗೆಯೊಳಗೆ ಹೊಕ್ಕ ನೀರು ಅಲ್ಲಿನ ಉಪ್ಪನ್ನು ಕರಗಿಸಿಕೊಂಡು ಗೋಡೆಯ ಹೊರಮೈಗೆ ಬಂದು ಆರುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಉಸಿರಾಡದ ಹೊಳಪು ಬಣ್ಣ ಅದನ್ನು ತಡೆಯಲು ಹೋಗಿ ತಾನೇ ಗುಳ್ಳೆ ಏಳುತ್ತದೆ. ಒರಲೆಗೆ ಬೇಕಾದದ್ದು ಅದೇ ತೇವ. ಹಳೆಯ ವೈರಿನ ಕರೆಂಟು ಹರಿದದ್ದೂ ಅದೇ ತೇವದಲ್ಲಿ.

ಅವತ್ತೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮನೆಯ ವೈರಿಂಗ್ ಪೂರ್ತಿ ಬದಲಾಯಿಸಿದೆವು, ಅರ್ತಿಂಗ್ ಸರಿಮಾಡಿಸಿದೆವು, ಮೂವತ್ತು ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಬ್ರೇಕರ್ ಹಾಕಿಸಿದೆವು. ಹಳೆಯ ಮನೆ ಕೊಳ್ಳುವ ಎಲ್ಲರಲ್ಲೂ ನನ್ನ ಕಳಕಳಿಯ ವಿನಂತಿ: ಬೇರೆ ಎಲ್ಲ ಕೆಲಸ ಮುಂದೂಡಿ, ಇದೊಂದನ್ನು ಒಂದು ದಿನವೂ ಮುಂದೂಡಬೇಡಿ. ಇದು ಜೀವದ ವಿಷಯ.

ತಾರಸಿಯ ಕೆಲಸ ಮುಂದಿನ ಬೇಸಿಗೆಗೆ ಎಂದುಕೊಂಡೆವು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಹಾಗಾಗಿ 2020ರ ಮಳೆಗಾಲವನ್ನೂ ನಾವು ಬಕೆಟ್ಟು ಇಟ್ಟುಕೊಂಡೇ ಕಳೆದೆವು. ಆದರೆ ಆ ಮಳೆಗಾಲ ನಮಗೆ ಪಾಠಶಾಲೆಯಾಯಿತು. ನಮ್ಮವರು ಮನೆಯ ಒಂದು ನಕ್ಷೆ ಬರೆದು ಗೋಡೆಗೆ ಅಂಟಿಸಿದರು. ಯಾವ ದಿನ, ಎಷ್ಟು ಹೊತ್ತು ಮಳೆ, ಗಾಳಿ ಯಾವ ಕಡೆಯಿಂದ, ತೇವ ಎಲ್ಲಿ ಮೊದಲು ಕಾಣಿಸಿತು ಎಂದು ಸೀಸದಕಡ್ಡಿಯಲ್ಲಿ ಗುರುತು ಹಾಕುತ್ತ ಹೋದೆವು. ಈಶಾನ್ಯದ ಗೋಡೆ ನೆನೆಯುವುದು ಗಾಳಿಮಳೆಯಲ್ಲಿ ಮಾತ್ರ. ಅದು ಕಿಟಕಿಯ ಸಜ್ಜದ ಬಿರುಕು. ಹಜಾರ ಸೋರುವುದು ಮಳೆ ನಿಂತ ಆರು ಗಂಟೆಯ ಮೇಲೆ. ಅದು ತಾರಸಿಯಲ್ಲಿ ನಿಂತ ನೀರು. ಸ್ನಾನದ ಮನೆಯ ಹಿಂದಿನ ಗೋಡೆ ಬಿಸಿಲಿನ ದಿನವೂ ಒದ್ದೆ. ಅದು ಮಳೆಯಲ್ಲ, ಒಳಗಿನ ಪೈಪು. ಒಂದು ಮಳೆ ಹೋಗಲಿ ಎಂದು ಮೇಸ್ತ್ರಿಯವರು ಹೇಳಿದ್ದರ ಅರ್ಥ ನನಗೆ ಆಗ ತಿಳಿಯಿತು. ಮನೆ ತನ್ನ ನೋವನ್ನು ಮಳೆಯಲ್ಲಿ ಮಾತ್ರ ಹೇಳುತ್ತದೆ. ಅದು ಹೇಳಿ ಮುಗಿಸುವ ಮೊದಲೇ ನಾವು ಅದರ ಬಾಯಿಗೆ ಬಣ್ಣ ಬಳಿದಿದ್ದೆವು.

2021ರ ಫೆಬ್ರವರಿಯಲ್ಲಿ ಕೆಲಸ ಹಿಡಿಸಿದೆವು. ಎಂಜಿನಿಯರೊಬ್ಬರು ಬಂದು ಸ್ಲ್ಯಾಬು ಪರೀಕ್ಷಿಸಿದರು. ಸಡಿಲ ಕಾಂಕ್ರೀಟನ್ನು ಕೆತ್ತಿ, ಸರಳಿನ ತುಕ್ಕನ್ನು ಉಜ್ಜಿ ತೆಗೆದು, ರಕ್ಷೆ ಬಳಿದು, ಹೊಸ ಗಾರೆ ತುಂಬಿದ್ದಾಯಿತು. ಆಮೇಲೆ ತಾರಸಿ. ಮದರಾಸಿನ ಹಳೆಯ ಮನೆಗಳದ್ದು ಹೆಸರಾಂತ ತಾರಸಿ: ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚು ಮೇಲಾಗಿ ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ ಹಾಕಿ, ಅದರ ಮೇಲೆ ಚಪ್ಪಟೆ ಹಂಚು. ನಮ್ಮದು ಆಮೇಲಿನ ಕಾಲದ ಕಾಂಕ್ರೀಟು ಸ್ಲ್ಯಾಬು. ಆದರೂ ಮೇಲೆ ಅದೇ ಸುಣ್ಣದ ಪದರ, ಅದೇ ಹಂಚು, ಇಲ್ಲಿಯವರ ಮಾತಿನಲ್ಲಿ ತಟ್ಟೋಡು. ಮೇಸ್ತ್ರಿಯವರು ಹಳೆಯದನ್ನು ಎಬ್ಬಿಸಿ ಹೊಸದನ್ನು ಹಳೆಯ ಕ್ರಮದಲ್ಲೇ ಹಾಕಿದರು. ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ಅರಳಿಸಿದರು. ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಸಿದ ನೀರನ್ನು ಚಿಮುಕಿಸಿ ಚಿಮುಕಿಸಿ, ಮರದ ಹಲಗೆಯಿಂದ ತಟ್ಟಿದರು. ಹೆಂಗಸರೂ ಗಂಡಸರೂ ಸಾಲಾಗಿ ಕುಳಿತು ದಿನವಿಡೀ ತಟ್ಟುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸುಣ್ಣದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ನೀರು ಮತ್ತು ಗಾಳಿ ತಾಗಿ ಅದು ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹತ್ತು ಅಡಿಗೆ ಎರಡು ಇಂಚು ಇಳಿಜಾರು ಕೊಟ್ಟರು.

ಕೊನೆಗೆ ಪರೀಕ್ಷೆ. ನೀರು ಹೋಗುವ ಬಾಯಿಗಳನ್ನೆಲ್ಲ ಬಟ್ಟೆ ತುರುಕಿ ಮುಚ್ಚಿ, ತಾರಸಿಯ ಮೇಲೆ ಗಾರೆಯ ಸಣ್ಣ ಸಣ್ಣ ಬದು ಕಟ್ಟಿ, ಎರಡು ದಿನ ನೀರು ನಿಲ್ಲಿಸಿದರು. ಅದಕ್ಕೆ ಅವರು ಪಾತಿ ಎಂದರು. ಅಡಿಕೆ ಗಿಡದ ಬುಡಕ್ಕೆ ನಾವು ಮಾಡುವ ಪಾತಿಯೇ! ತೋಟದಲ್ಲಿ ಹುಟ್ಟಿ ಬೆಳೆದ ನನಗೆ ಆ ಒಂದು ಪದದಿಂದ ಈ ಊರು ಇನ್ನಷ್ಟು ನನ್ನದಾಯಿತು. ಎರಡನೆಯ ದಿನ ರಾತ್ರಿ ಟಾರ್ಚು ಹಿಡಿದು ಕೋಣೆ ಕೋಣೆಯ ಸೂರು ನೋಡಿದೆವು. ಎಲ್ಲೂ ತೇವ ಇರಲಿಲ್ಲ.

ತಾರಸಿಯಿಂದ ಇಳಿದ ನೀರು ಎಲ್ಲಿಗೆ ಹೋಗಬೇಕು? 2003ರಲ್ಲಿ ತಮಿಳುನಾಡು ಸರ್ಕಾರ ರಾಜ್ಯದ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಇಡೀ ದೇಶಕ್ಕೇ ಅದು ಮಾದರಿ. ಅದಕ್ಕೆ ಮೊದಲೇ ಬೆಸೆಂಟ್ ನಗರದ ಶೇಖರ್ ರಾಘವನ್ ಮನೆ ಮನೆಗೆ ಹೋಗಿ ಮಳೆನೀರು ಇಂಗಿಸಿ ಎಂದು ಹೇಳುತ್ತಿದ್ದರು. 2002ರಲ್ಲಿ ಜನರಿಗೆ ಇದನ್ನು ತೋರಿಸಿ ಕಲಿಸಲೆಂದೇ ಒಂದು ಮಳೆ ಕೇಂದ್ರ ಶುರುವಾಯಿತು. ನಮ್ಮ ಕಡೆ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಮಳೆನೀರಿನ ಬಗ್ಗೆ ಬರೆದದ್ದನ್ನು ಓದಿಕೊಂಡು ಬಂದವಳು ನಾನು. ನಮ್ಮ ಮನೆಯಲ್ಲೂ ಇಂಗುಗುಂಡಿ ಇತ್ತು. ಮುಚ್ಚಳ ತೆಗೆಸಿದರೆ ಅದರ ತುಂಬ ಕೆಸರು. ಪೈಪಿನ ತುದಿ ಗುಂಡಿಗೆ ಮುಟ್ಟಿಯೇ ಇರಲಿಲ್ಲ. ನೀರೆಲ್ಲ ಸಿಮೆಂಟಿನ ಅಂಗಳದ ಮೇಲೆ ಹರಿದು ಬೀದಿಗೆ ಹೋಗುತ್ತಿತ್ತು.

ಗುಂಡಿಯನ್ನು ಅಗಲ ಮಾಡಲು ಅಂಗಳದ ಸಿಮೆಂಟು ಒಡೆಸಿದೆವು. ಹಾರೆ ಒಂದು ಕಡೆ ಟೊಳ್ಳು ಸದ್ದು ಕೊಟ್ಟಿತು. ಮೇಸ್ತ್ರಿಯವರು ಕೆಲಸ ನಿಲ್ಲಿಸಿ, ನಾಣ್ಯ ತಟ್ಟಿದ ಹಾಗೆಯೇ ಹಾರೆಯಿಂದ ಸುತ್ತ ತಟ್ಟಿ ನೋಡಿ, ನಿಧಾನವಾಗಿ ಚಪ್ಪಡಿ ಸರಿಸಿದರು. ಕೆಳಗೆ ಬಾವಿ! ಸುಟ್ಟ ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಇಳಿಸಿದ ಹಳೆಯ ಬಾವಿ. ಕಾರ್ಪೊರೇಷನ್ ನೀರು ಬಂದ ಮೇಲೆ ಯಾರೋ ಮುಚ್ಚಿದ್ದರು. ಲಾರಿಯ ನೀರಿಗೆ ಕಾದು ಕಾದು ನಾವು ದಿನವೂ ನಿಲ್ಲುತ್ತಿದ್ದದ್ದು ಅದೇ ಚಪ್ಪಡಿಯ ಮೇಲೆ.

ಇಂಥ ಬಾವಿ ನಿಮಗೂ ಸಿಕ್ಕಿದರೆ ಅವಸರದಿಂದ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿದ ಬಾವಿಯಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು, ವಿಷಗಾಳಿ ಇರಬಹುದು. ಇಳಿದವರನ್ನು ಎತ್ತಲು ಹೋದವರೂ ಸತ್ತಿರುವುದುಂಟು. ನಾವು ಹೂಳನ್ನು ಯಂತ್ರದಿಂದ ಮೇಲಿನಿಂದಲೇ ತೆಗೆಸಿದೆವು. ನಮ್ಮ ಜಾಗದಲ್ಲಿ ಮೇಲೆ ಜೇಡಿಮಣ್ಣು, ಕೆಳಗೆ ಮರಳು. ಆಳವಿಲ್ಲದ ಗುಂಡಿಯ ನೀರು ಜೇಡಿಯಲ್ಲಿ ಇಂಗುವುದಿಲ್ಲ. ಬಾವಿ ಮರಳನ್ನು ಮುಟ್ಟುತ್ತದೆ. ತಾರಸಿಯ ಪೈಪನ್ನು ಜಲ್ಲಿ ಮರಳಿನ ಶೋಧಕದ ಮೂಲಕ ಬಾವಿಗೆ ಬಿಟ್ಟೆವು. ಧೂಳು ತೊಳೆದು ಬರುವ ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಬೇರೆ ಬಾಯಿ ಇಟ್ಟೆವು. ಬೀದಿಯ ಕೊಳಕು ಒಳಗೆ ಬರದಂತೆ ಬಾವಿಕಟ್ಟೆಯನ್ನು ಮೂರು ಅಡಿ ಎತ್ತರಿಸಿದೆವು. ಅಂಗಳಕ್ಕೆ ಮತ್ತೆ ಸಿಮೆಂಟು ಹಾಕಲಿಲ್ಲ. ಮಣ್ಣಿನಲ್ಲಿ ಒಂದು ಕರಿಬೇವು, ಎರಡು ಬಾಳೆ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. 1,400 ಮಿಲಿಮೀಟರ್ ಮಳೆಯಾದರೆ 1,30,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತೆಂದೇ ಇಟ್ಟುಕೊಳ್ಳಿ. ಆದರೂ ಲಕ್ಷ ಲೀಟರ್ ಉಳಿಯಿತು. 12,000 ಲೀಟರಿನ ಲಾರಿ ಎಂಟು ಸಲ ಬಂದು ಹೋದಷ್ಟು ನೀರು ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಅದನ್ನು ಬೀದಿಗೆ ಅಟ್ಟಿ ಬೇಸಿಗೆಯಲ್ಲಿ ಲಾರಿಗೆ ಕಾಯುತ್ತಿದ್ದೆವು.

ಅದೇ ವರ್ಷ, 2021ರ ನವೆಂಬರ್ 7ರ ಮುಂಜಾವಿನ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ಮಾಂಬಲದ ಬೀದಿಗಳಲ್ಲಿ ಮೊಣಕಾಲುದ್ದ ನೀರು. ನಮ್ಮ ಹೊಸಿಲು ಒಂದು ಕಾಲದಲ್ಲಿ ಬೀದಿಗಿಂತ ಮೂರು ಮೆಟ್ಟಿಲು ಮೇಲಿತ್ತಂತೆ. ಟಾರಿನ ಮೇಲೆ ಟಾರು ಬಿದ್ದು ಬೀದಿ ಏರುತ್ತ ಏರುತ್ತ ಈಗ ಬೀದಿಯೂ ಹೊಸಿಲೂ ಸಮಸಮ. ಹಳೆಯ ಟಾರನ್ನು ಕೆರೆದು ತೆಗೆದು ಹೊಸದು ಹಾಕಬೇಕೆಂದು ಈಗ ಆದೇಶವಿದೆ. ಈ ಊರಿನಲ್ಲಿ ಎಷ್ಟೋ ಮಂದಿ ಇಡೀ ಮನೆಯನ್ನೇ ಜಾಕಿಯಿಂದ ಎತ್ತಿಸಿಕೊಂಡದ್ದೂ ಇದೆ. ಆ ರಾತ್ರಿ ನೀರು ನಮ್ಮ ಹೊಸಿಲನ್ನು ನೆನೆಸಿತು, ಒಳಗೆ ಬರಲಿಲ್ಲ.

ಬೀದಿಯಲ್ಲಿ ನಿಂತ ಆ ನೀರನ್ನು ನೋಡುತ್ತ ನನಗೆ ಒಂದು ಮಾತು ಹೊಳೆಯಿತು. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ರೈಲು ಹಳಿಯ ಆಚೆಗಿರುವ ತ್ಯಾಗರಾಯ ನಗರ ಎದ್ದದ್ದು 1920ರ ದಶಕದಲ್ಲಿ, ಮಾಂಬಲದ ಏರಿಯ ಒಡಲಿನಲ್ಲಿ. ಹಳಿಯ ಈಚೆ ನಮ್ಮ ಬದಿಯಲ್ಲಿ ಲೇಕ್ ವ್ಯೂ ರೋಡ್ ಎಂಬ ರಸ್ತೆ ಈಗಲೂ ಇದೆ. ಕಾಣುವ ಕೆರೆ ಮಾತ್ರ ಇಲ್ಲ. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. ನಾವು ಕೊಂಡದ್ದು ಸಿಮೆಂಟು ಇಟ್ಟಿಗೆ ಎಂದುಕೊಂಡಿದ್ದೆವು. ಆ ನೀರಿನ ಋಣವನ್ನೂ ಕೂಡ ಕೊಂಡಿದ್ದೆವು. ಊರಿನ ಕೆರೆಯನ್ನು ನಾನೊಬ್ಬಳು ತಿರುಗಿ ತರಲಾರೆ. ನನ್ನ ಸೂರಿನ ಮೇಲೆ ಬಿದ್ದ ನೀರನ್ನು ಪಕ್ಕದ ಮನೆಯ ಹೊಸಿಲಿಗೆ ತಳ್ಳದೆ ನೆಲಕ್ಕೆ ಒಪ್ಪಿಸಬಲ್ಲೆ.

ಆದ್ದರಿಂದ ಹೊಸದಾಗಿ ಮನೆ ಕೊಂಡ, ಕೊಳ್ಳಲಿರುವ ನನ್ನ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಿಮ್ಮ ಹಣದಲ್ಲಿ ಮೊದಲ ಪಾಲನ್ನು ಮೇಲಿನ ಸೂರಿಗೂ ಕೆಳಗಿನ ಬಾವಿಗೂ ಎತ್ತಿಡಿ. ಕರೆಂಟು ಸರಿಮಾಡಿಸಿ. ಉಳಿದದ್ದಕ್ಕೆ ಒಂದು ಮಳೆಗಾಲ ಕಾಯಿರಿ. ನಕ್ಷೆಯ ಮೇಲೆ ತೇವದ ಗುರುತು ಹಾಕಿ. ಗೋಡೆ ಒಣಗಿದ ಮೇಲೆ ಬಣ್ಣ ಬಳಿಸಿ. ಆ ಬಣ್ಣ ಉಳಿಯುತ್ತದೆ. ನಾವು ಬಣ್ಣ ಬಳಿಸಿದ್ದು 2022ರ ಮಾರ್ಚಿನಲ್ಲಿ, ಮೇಸ್ತ್ರಿಯವರ ಕೈಯಿಂದಲೇ.

ಮೊನ್ನೆ ಐಪ್ಪಸಿಯ ಮೊದಲ ಮಳೆ ಬಂದ ರಾತ್ರಿ ಟಾರ್ಚು ಹಿಡಿದು ಬಾವಿಗೆ ಬಗ್ಗಿ ನೋಡಿದೆ. ಬೇಸಿಗೆಯಿಂದ ಹೊರಗೆ ಕಾಣುತ್ತಿದ್ದ ಮಣ್ಣಿನ ಬಳೆಗಳಲ್ಲಿ ಒಂದು ನೀರಿನೊಳಗೆ ಮುಳುಗಿತ್ತು. ಮರುದಿನ ಪುತ್ತೂರಿನಿಂದ ಫೋನ್ ಬಂತು. ಅತ್ತೆಯವರಿಗೆ ಈಗ ಇಲ್ಲಿನ ಮಳೆಯ ತಿಂಗಳು ಗೊತ್ತಾಗಿದೆ. “ಮಳೆ ಹಿಡಿಯಿತಂತೆ, ಟಿವಿಯಲ್ಲಿ ತೋರಿಸಿದ್ರು. ಮಾಡು ಸೋರ್ತದಾ?”

“ಇಲ್ಲ ಅತ್ತೆ,” ಎಂದೆ. “ನೀರು ಬಾವಿಗೆ ಹೋಗ್ತದೆ.”